ಗಟ್ಟಿಮೇಳಕ್ಕೆ ಯಾವ ಲೆನ್ಸ್?

ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಎನ್ನುತ್ತಿದ್ದಂತೆ ಡೋಲು, ನಾದಸ್ವರಗಳ ಸದ್ದು ಒಮ್ಮೆಗೇ ಏರುತ್ತದೆ. ನೂರಾರು ಕೈಗಳಿಂದ ಅಕ್ಷತೆ ಹಾರುತ್ತದೆ. ವರ ಬಾಗಿ ವಧುವಿನ ಕೊರಳ ಹಿಂದೆ ಮೂರು ಗಂಟು ಹಾಕುತ್ತಾನೆ. ಮಗಳನ್ನು ಧಾರೆ ಎರೆದು ನಿಂತ ಅಪ್ಪ ಕಣ್ಣೊರೆಸಿಕೊಳ್ಳುತ್ತಾನೆ. ಇಷ್ಟೆಲ್ಲ ಮುಗಿಯಲು ಒಂದು ನಿಮಿಷವೂ ಬೇಕಿಲ್ಲ. ಆ ನಿಮಿಷದಲ್ಲಿ ಫೋಟೋಗ್ರಾಫರ್ ಬೆಳಕನ್ನು ಬದಲಿಸುವಂತಿಲ್ಲ, ಜನರನ್ನು ಸರಿಸುವಂತಿಲ್ಲ, ‘ಇನ್ನೊಮ್ಮೆ ಕಟ್ಟಿ’ ಎಂದು ಕೇಳುವಂತಿಲ್ಲ. ಅವನ ಕೈಯಲ್ಲಿ ಉಳಿದಿರುವುದು ಬೆಳಿಗ್ಗೆಯೇ ಕ್ಯಾಮೆರಾಗೆ ತಿರುಗಿಸಿ ಕೂರಿಸಿದ ಲೆನ್ಸ್ ಒಂದೇ.

ಮದುವೆ ಫೋಟೋ ತೆಗೆಯಲು ಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಯಾವ ಕಂಪನಿಯ ಲೆನ್ಸ್ ಒಳ್ಳೆಯದು?’ ಎಂಬುದು. ಆ ಪ್ರಶ್ನೆಯನ್ನು ಆಮೇಲೆ ಕೇಳಿದರೂ ನಡೆಯುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು. ನಾನು ಎಷ್ಟು ದೂರದಲ್ಲಿ ನಿಲ್ಲಬಲ್ಲೆ? ಅಲ್ಲಿ ಎಷ್ಟು ಬೆಳಕಿರುತ್ತದೆ? ಇವೆರಡಕ್ಕೆ ಉತ್ತರ ಸಿಕ್ಕರೆ ಲೆನ್ಸ್ ತಾನಾಗಿಯೇ ಗೊತ್ತಾಗುತ್ತದೆ. ಅದರ ಹಿಂದಿನ ವಿಜ್ಞಾನ ಪ್ರೌಢಶಾಲೆಯ ಗಣಿತವನ್ನು ಮೀರುವುದಿಲ್ಲ.

ದೂರದ ಲೆಕ್ಕ

ಲೆನ್ಸಿನ ಮೇಲೆ 35 ಮಿ.ಮೀ., 50 ಮಿ.ಮೀ., 85 ಮಿ.ಮೀ. ಎಂದು ಬರೆದಿರುತ್ತದೆ. ಅದು ಲೆನ್ಸಿನ ನಾಭಿದೂರ, ಫೋಕಲ್ ಲೆಂತ್. ಬಹು ದೂರದ ವಸ್ತುವಿನಿಂದ ಬಂದ ಸಮಾಂತರ ಕಿರಣಗಳು ಲೆನ್ಸಿನ ಹಿಂದೆ ಎಷ್ಟು ದೂರದಲ್ಲಿ ಒಂದು ಬಿಂದುವಿಗೆ ಸೇರುತ್ತವೆ ಎಂಬುದರ ಅಳತೆ. ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಅಗಲವಾದ ನೋಟವನ್ನು ಹಿಡಿಯುತ್ತದೆ, ದೊಡ್ಡದಾದಷ್ಟೂ ಕಿರಿದಾದ ನೋಟವನ್ನು.

ಫುಲ್‌ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ ಇರುತ್ತದೆ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾ ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ ಈ ಅಳತೆಯನ್ನು ರೂಢಿಗೆ ತಂದಿತು. ಫಿಲ್ಮ್ ಹೋಗಿ ಡಿಜಿಟಲ್ ಬಂದರೂ ಅಳತೆ ಹಾಗೆಯೇ ಉಳಿದಿದೆ. ಸಮರೂಪ ತ್ರಿಭುಜಗಳ ಪಾಠ ನೆನಪಿದ್ದವರಿಗೆ ಇಲ್ಲಿಂದ ಮುಂದಿನದು ಸುಲಭ. ನಾವು ನಿಂತ ದೂರವನ್ನು 36ರಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಚೌಕಟ್ಟಿನಲ್ಲಿ ಎಷ್ಟು ಅಗಲದ ದೃಶ್ಯ ಹಿಡಿಯುತ್ತದೆ ಎಂಬುದು ಸಿಗುತ್ತದೆ.

ಛತ್ರದ ವೇದಿಕೆಯ ಮೇಲೆ ವಧೂವರರ ಜೊತೆ ಎರಡೂ ಕಡೆಯ ಬಂಧುಗಳು 6 ಮೀಟರ್ ಉದ್ದದ ಸಾಲಾಗಿ ನಿಂತಿದ್ದಾರೆ ಎಂದುಕೊಳ್ಳಿ. 24 ಮಿ.ಮೀ. ಲೆನ್ಸಿನಲ್ಲಿ ಅವರೆಲ್ಲರನ್ನೂ ಹಿಡಿಯಲು 4 ಮೀಟರ್ ಹಿಂದೆ ನಿಂತರೆ ಸಾಕು. 35 ಮಿ.ಮೀ.ಗೆ 5.8 ಮೀಟರ್ ಬೇಕು, 50 ಮಿ.ಮೀ.ಗೆ 8.3 ಮೀಟರ್. ವೇದಿಕೆಯ ಮುಂದೆ ಅಷ್ಟು ಜಾಗವಿದೆಯೇ, ಅಥವಾ ಮೊದಲ ಸಾಲಿನ ಕುರ್ಚಿಗಳು 5 ಮೀಟರಿಗೇ ಶುರುವಾಗುತ್ತವೆಯೇ? ಲೆನ್ಸನ್ನು ತೀರ್ಮಾನಿಸುವುದು ಆ ಕುರ್ಚಿಗಳು.

ದೂರದಿಂದ ನೋಡಿದರೂ ಇದೇ ಲೆಕ್ಕ. 8 ಮೀಟರ್ ಆಚೆಯಿಂದ 85 ಮಿ.ಮೀ. ಲೆನ್ಸ್ 3.4 ಮೀಟರ್ ಅಗಲವನ್ನು ಕಾಣುತ್ತದೆ. ವಧು, ವರ, ಅಕ್ಕಪಕ್ಕದ ನಾಲ್ಕು ಜನ ಅದರೊಳಗೆ ಬರುತ್ತಾರೆ. ಅಲ್ಲಿಂದಲೇ 200 ಮಿ.ಮೀ. ಕಾಣುವುದು ಬರೀ 1.4 ಮೀಟರ್, ಅಂದರೆ ಇಬ್ಬರ ಮುಖ, ಭುಜ ಮತ್ತು ಹೂಮಾಲೆ.

ಹೊಸಬರ ಕೈಯಲ್ಲಿ ಹೆಚ್ಚಾಗಿರುವುದು ಕ್ರಾಪ್ ಸೆನ್ಸರ್ ಕ್ಯಾಮೆರಾ. ಅದರ ಅಗಲ ಸುಮಾರು 23.5 ಮಿ.ಮೀ. ಮಾತ್ರ, ಕ್ಯಾನನ್‌ನಲ್ಲಿ ಇನ್ನೂ ಸ್ವಲ್ಪ ಕಡಿಮೆ. ಸೂತ್ರದಲ್ಲಿ 36ರ ಜಾಗಕ್ಕೆ ಆ ಸಂಖ್ಯೆ ಹಾಕಬೇಕು. ಆಗ 50 ಮಿ.ಮೀ. ಲೆನ್ಸ್ ಫುಲ್‌ಫ್ರೇಮಿನ 75 ಮಿ.ಮೀ. ಲೆನ್ಸಿನಷ್ಟು ಕಿರಿದಾಗಿ ಕಾಣುತ್ತದೆ. ಮನೆಯ ಒಳಗೆ, ವಧುವನ್ನು ಸಿಂಗರಿಸುವ ಇಕ್ಕಟ್ಟಿನ ಕೋಣೆಯಲ್ಲಿ, ಈ ವ್ಯತ್ಯಾಸ ಗೋಡೆಗೆ ಬೆನ್ನು ತಾಗಿಸಿ ನಿಂತಾಗ ಚೆನ್ನಾಗಿ ಅರ್ಥವಾಗುತ್ತದೆ.

ಬೆಳಕಿನ ಲೆಕ್ಕ

ಎರಡನೆಯ ಸಂಖ್ಯೆ ಎಫ್ ಅಕ್ಷರದ ಜೊತೆ ಬರುತ್ತದೆ. ಫೋಕಲ್ ಲೆಂತನ್ನು ಲೆನ್ಸಿನ ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಸಿಗುವ ಸಂಖ್ಯೆ ಅದು. 50 ಮಿ.ಮೀ. ಎಫ್/1.8 ಲೆನ್ಸಿನ ಕಿಂಡಿ ಪೂರ್ತಿ ತೆರೆದಾಗ ಸುಮಾರು 28 ಮಿ.ಮೀ. ಅಗಲ. ವೃತ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಎಫ್ ಸಂಖ್ಯೆ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಎಫ್/2.8ಕ್ಕಿಂತ ಎಫ್/1.4 ನಾಲ್ಕು ಪಟ್ಟು ಬೆಳಕು ತರುತ್ತದೆ. ಕ್ಯಾಮೆರಾ ಜೊತೆಗೇ ಸಿಗುವ 18–55 ಮಿ.ಮೀ. ಕಿಟ್ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಎಫ್/5.6ಕ್ಕೆ ಇಳಿದಿರುತ್ತದೆ. ಅದಕ್ಕಿಂತ 50 ಮಿ.ಮೀ. ಎಫ್/1.8 ಸುಮಾರು 10 ಪಟ್ಟು ಹೆಚ್ಚು ಬೆಳಕು ಕೊಡುತ್ತದೆ.

ಈ ಬೆಳಕಿನ ಹಸಿವು ಫೋಟೋಗ್ರಫಿಯಷ್ಟೇ ಹಳೆಯದು. 1839ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೇರ್ ಫೋಟೋ ತೆಗೆಯುವ ತನ್ನ ವಿಧಾನವನ್ನು ಬಹಿರಂಗಪಡಿಸಿದಾಗ ಬಳಕೆಯಲ್ಲಿದ್ದ ಶೆವಾಲಿಯೇ ಲೆನ್ಸಿನ ಕಿಂಡಿ ಎಫ್/15ರ ಆಸುಪಾಸಿನದು. ಕಟ್ಟಡಗಳ ಚಿತ್ರಕ್ಕೆ ಅದು ಸಾಕಿತ್ತು. ಜೀವವಿರುವ ಮನುಷ್ಯ ಮಾತ್ರ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. ವಿಯೆನ್ನಾದ ಗಣಿತ ಪ್ರಾಧ್ಯಾಪಕ ಜೋಸೆಫ್ ಪೆಟ್ಸ್‌ವಾಲ್ ಈ ಸಮಸ್ಯೆಯನ್ನು ಕಾಗದದ ಮೇಲೆ ಬಿಡಿಸಲು ಕೂತ. ಲೆನ್ಸ್ ಮಾಡುವವರು ಅದುವರೆಗೆ ಗಾಜನ್ನು ಉಜ್ಜಿ, ನೋಡಿ, ಮತ್ತೆ ಉಜ್ಜುತ್ತಿದ್ದರು. ಪೆಟ್ಸ್‌ವಾಲ್ ಕಿರಣಗಳ ದಾರಿಯನ್ನು ಮೊದಲೇ ಲೆಕ್ಕ ಹಾಕಿದ. ಆ ದೊಡ್ಡ ಲೆಕ್ಕಕ್ಕೆ ಸೈನ್ಯದ ಫಿರಂಗಿ ದಳದ ಗಣಕರ ನೆರವನ್ನೂ ಪಡೆದ. 1840ರಲ್ಲಿ ಫೋಯ್ಗ್ಟ್‌ಲೆಂಡರ್ ಕಾರ್ಖಾನೆ ತಯಾರಿಸಿದ ಅವನ ಲೆನ್ಸಿನ ಕಿಂಡಿ ಎಫ್/3.6ರ ಆಸುಪಾಸಿನಲ್ಲಿತ್ತು. ಹಿಂದಿನದಕ್ಕಿಂತ ಸುಮಾರು 17 ಪಟ್ಟು ಬೆಳಕು! ಮನುಷ್ಯರ ಮುಖಚಿತ್ರ ಒಂದು ವೃತ್ತಿಯಾಗಿ ಬೆಳೆಯಲು ಈ ಲೆನ್ಸ್ ದೊಡ್ಡ ಕಾರಣ. ಇಂದು ಮದುವೆ ಆಲ್ಬಮ್ ಮಾಡುವ ಪ್ರತಿಯೊಬ್ಬರೂ ಆ ಗಣಿತಜ್ಞನಿಗೆ ಋಣಿಗಳು.

ಈಗ ಮಂಟಪಕ್ಕೆ ಬರೋಣ. ನಡುಹಗಲ ಬಿಸಿಲಿನಲ್ಲಿ ಬೆಳಕಿನ ತೀವ್ರತೆ ಸುಮಾರು 1 ಲಕ್ಷ ಲಕ್ಸ್. ಛತ್ರದ ಒಳಗೆ 200 ಲಕ್ಸ್ ಇದೆ ಎಂದಿಟ್ಟುಕೊಂಡರೆ ಅದು ಬಿಸಿಲಿನ 500ರಲ್ಲಿ 1 ಪಾಲು. ನಮ್ಮ ಕಣ್ಣು ಈ ಅಂತರವನ್ನು ಸದ್ದಿಲ್ಲದೆ ಸರಿದೂಗಿಸಿಕೊಳ್ಳುತ್ತದೆ. ಕ್ಯಾಮೆರಾದಲ್ಲಿ ಅದನ್ನು ನಾವೇ ಸರಿದೂಗಿಸಬೇಕು. ಜನರ ಚಲನೆ ಮಸುಕಾಗದಿರಲು ಶಟರ್ ವೇಗ 1/250 ಸೆಕೆಂಡ್ ಇಟ್ಟರೆ 200 ಲಕ್ಸಿನಲ್ಲಿ ಎಫ್/5.6ಕ್ಕೆ ಐಎಸ್‌ಒ ಸುಮಾರು 10,000 ಬೇಕು. ಎಫ್/2.8ಕ್ಕೆ 2,500, ಎಫ್/1.8ಕ್ಕೆ 1,000 ಮತ್ತು ಎಫ್/1.4ಕ್ಕೆ 600 ಸಾಕು.

ಐಎಸ್‌ಒ ಏರಿಸುವುದೆಂದರೆ ಬೆಳಕನ್ನು ಹೆಚ್ಚಿಸುವುದಲ್ಲ, ಸಿಕ್ಕಷ್ಟೇ ಬೆಳಕಿನ ಸಂಕೇತವನ್ನು ಹಿಗ್ಗಿಸುವುದು. ಬೆಳಕು ಫೋಟಾನ್‌ಗಳೆಂಬ ಬಿಡಿ ಕಣಗಳಾಗಿ ಬರುತ್ತದೆ. ಒಣಗಿದ ಅಂಗಳಕ್ಕೆ ಮಳೆಯ ಮೊದಲ ಹನಿಗಳು ಬಿದ್ದಾಗ ಒಂದು ಕಲ್ಲಿಗೆ ಐದು ಹನಿ, ಪಕ್ಕದ ಕಲ್ಲಿಗೆ ಎರಡೇ ಹನಿ ಬಿದ್ದು ಅಂಗಳ ಚುಕ್ಕಿಚುಕ್ಕಿಯಾಗಿ ಕಾಣುತ್ತದಲ್ಲ, ಕಡಿಮೆ ಬೆಳಕಿನಲ್ಲಿ ಸೆನ್ಸರಿಗೂ ಹಾಗೆಯೇ ಆಗುತ್ತದೆ. ಫೋಟೋಗ್ರಾಫರುಗಳು ಗ್ರೇನ್ ಅಥವಾ ನಾಯ್ಸ್ ಎನ್ನುವುದು ಬಹುಪಾಲು ಇದನ್ನೇ. ಈ ಏರುಪೇರು ಫೋಟಾನ್ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ. ಹಾಗಾಗಿ ನಾಲ್ಕು ಪಟ್ಟು ಬೆಳಕು ಬಂದರೆ ಚಿತ್ರ ಎರಡು ಪಟ್ಟು ಶುಭ್ರವಾಗುತ್ತದೆ. ರೇಷ್ಮೆ ಸೀರೆಯ ಕಡುಹಸಿರು, ಮೈಬಣ್ಣದ ನಯ, ಮುಡಿದ ಮಲ್ಲಿಗೆಯ ಎಸಳು ಇವೆಲ್ಲ ಮೊದಲು ಕೆಡುವುದು ಈ ನಾಯ್ಸ್‌ನಿಂದಲೇ.

ಅಕ್ಷತೆಯ ಲೆಕ್ಕವನ್ನೂ ಹಾಕೋಣ. ಅರ್ಧ ಮೀಟರ್ ಕೆಳಗೆ ಬಿದ್ದ ಅಕ್ಕಿಕಾಳಿನ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. 1/125 ಸೆಕೆಂಡಿನಲ್ಲಿ ಅದು ಎರಡೂವರೆ ಸೆಂಟಿಮೀಟರ್ ಚಲಿಸಿ ಚಿತ್ರದಲ್ಲಿ ಗೆರೆಯಾಗುತ್ತದೆ. 1/1000 ಸೆಕೆಂಡಿನಲ್ಲಿ ಮೂರೇ ಮಿಲಿಮೀಟರ್ ಚಲಿಸಿ ಕಾಳಾಗಿಯೇ ಉಳಿಯುತ್ತದೆ. ಗೆರೆ ಬೇಕೋ ಕಾಳು ಬೇಕೋ ಎಂಬುದು ರುಚಿಯ ವಿಷಯ. ಕಾಳು ಬೇಕೆಂದವರಿಗೆ ಎಫ್/1.8ರಂಥ ಕಿಂಡಿಯೇ ಬೇಕು. ಲೆನ್ಸಿನೊಳಗಿನ ಸ್ಟೆಬಿಲೈಸೇಷನ್ ಇಲ್ಲಿ ನೆರವಿಗೆ ಬರುವುದಿಲ್ಲ. 1995ರಲ್ಲಿ ಕ್ಯಾನನ್‌ನ 75–300 ಮಿ.ಮೀ. ಲೆನ್ಸಿನೊಂದಿಗೆ ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಬಂದ ಈ ತಂತ್ರ ನಮ್ಮ ಕೈಯ ನಡುಕವನ್ನು ತಡೆಯುತ್ತದೆ. ಹಾರುವ ಅಕ್ಷತೆಯನ್ನು, ತಿರುಗುವ ತಲೆಯನ್ನು ಅದು ತಡೆಯಲಾರದು.

ಫ್ಲ್ಯಾಶ್ ಇದೆಯಲ್ಲ ಎನ್ನಬಹುದು. ಐಎಸ್‌ಒ 100ರ ಫಿಲ್ಮಿನ ಕಾಲದಲ್ಲಿ ಬೇರೆ ದಾರಿಯೇ ಇರಲಿಲ್ಲ. ಆದರೆ ಫ್ಲ್ಯಾಶ್‌ನ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 2 ಮೀಟರಿನಲ್ಲಿರುವ ವಧುವಿಗೆ ಸಿಕ್ಕ ಬೆಳಕಿನ 16ರಲ್ಲಿ 1 ಪಾಲು ಮಾತ್ರ 8 ಮೀಟರಿನಲ್ಲಿರುವ ಬಂಧುಗಳಿಗೆ ತಲುಪುತ್ತದೆ. ಹಳೆಯ ಆಲ್ಬಮ್‌ಗಳಲ್ಲಿ ಮುಖ ಬೆಳ್ಳಗೆ, ಹಿನ್ನೆಲೆ ಕತ್ತಲೆ ಇರಲು ಇದೇ ಕಾರಣ. ಅಗಲ ಕಿಂಡಿಯ ಲೆನ್ಸ್ ಛತ್ರದ ದೀಪಗಳ ಬೆಳಕನ್ನೇ ನಂಬುವುದರಿಂದ ಮದುವೆಮನೆಯ ವಾತಾವರಣವೂ ಚಿತ್ರದೊಳಗೆ ಬರುತ್ತದೆ.

ಎಲ್ಲ ಮದುವೆಗಳಿಗೂ ಇಷ್ಟು ದೊಡ್ಡ ಕಿಂಡಿ ಬೇಕೆಂದಲ್ಲ. ಕೊಡವರ ಮದುವೆಯಲ್ಲಿ ಬಾಳೆ ದಿಂಡನ್ನು ಕತ್ತಿಯಿಂದ ಕಡಿಯುವ ಶಾಸ್ತ್ರ ಹಗಲಲ್ಲಿ, ಬಯಲಲ್ಲಿ ನಡೆಯುತ್ತದೆ. ಬೀಸಿದ ಕತ್ತಿಯನ್ನು ನಿಲ್ಲಿಸಲು 1/1000 ಸೆಕೆಂಡ್ ಇಟ್ಟರೂ ಬಿಸಿಲಿದ್ದರೆ ಎಫ್/5.6ಕ್ಕೆ ಐಎಸ್‌ಒ 100 ಸಾಕು. ಛತ್ರದೊಳಗೆ ಸೋತ ಕಿಟ್ ಲೆನ್ಸ್ ಇಲ್ಲಿ ಚೆನ್ನಾಗಿಯೇ ಗೆಲ್ಲುತ್ತದೆ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಮದುವೆಗಳಲ್ಲಿ ಜನ ಕಡಿಮೆ, ಆಡಂಬರವಿಲ್ಲ, ಹತ್ತಿರ ನಿಲ್ಲಲು ಜಾಗವಿರುತ್ತದೆ. ಅಂಥಲ್ಲಿ ಒಂದು 35 ಅಥವಾ 50 ಮಿ.ಮೀ. ಲೆನ್ಸಿನಲ್ಲಿ ಇಡೀ ದಿನವನ್ನು ಮುಗಿಸಬಹುದು.

ಮಸುಕಿನ ಲೆಕ್ಕ

ಅಗಲ ಕಿಂಡಿಗೆ ಒಂದು ಬೆಲೆಯಿದೆ. ಕಿಂಡಿ ತೆರೆದಷ್ಟೂ ಫೋಕಸ್ ಆಗುವ ಆಳ ತೆಳುವಾಗುತ್ತದೆ. 85 ಮಿ.ಮೀ. ಎಫ್/1.4 ಲೆನ್ಸಿನಲ್ಲಿ 2 ಮೀಟರ್ ದೂರದ ಮುಖವನ್ನು ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ನಾಲ್ಕೂವರೆ ಸೆಂಟಿಮೀಟರ್. ಕಣ್ಣಿಗೆ ಫೋಕಸ್ ಮಾಡಿದರೆ ಕಿವಿಯ ಝುಮುಕಿ ಆಗಲೇ ಮಸುಕು. ವಧುವಿನ ಒಬ್ಬಳದೇ ಚಿತ್ರಕ್ಕೆ ಇದು ಸೊಗಸು. ತಾಳಿ ಕಟ್ಟುವಾಗ ಇದೇ ಲೆನ್ಸ್, ಇದೇ ಕಿಂಡಿ ಕೈಕೊಡುತ್ತದೆ. ವರ ವಧುವಿನ ಹಿಂದಕ್ಕೆ ಬಾಗಿರುತ್ತಾನೆ, ಅವನ ಹಿಂದೆ ನಾದಿನಿ ನಿಂತಿರುತ್ತಾಳೆ, ಪಕ್ಕದಲ್ಲಿ ತಾಯಿ ಕೈಮುಗಿದಿರುತ್ತಾಳೆ. ನಾಲ್ಕು ಮುಖ, ನಾಲ್ಕು ದೂರ.

3 ಮೀಟರ್ ದೂರದಿಂದ 85 ಮಿ.ಮೀ. ಲೆನ್ಸನ್ನು ಎಫ್/2.8ಕ್ಕೆ ಇಟ್ಟರೆ ಸ್ಪಷ್ಟತೆಯ ಆಳ 21 ಸೆಂಟಿಮೀಟರ್ ಆಸುಪಾಸು. ಅಲ್ಲಿಂದಲೇ, ಅದೇ ಎಫ್/2.8ರಲ್ಲಿ, 35 ಮಿ.ಮೀ. ಲೆನ್ಸ್ ಸುಮಾರು 1.3 ಮೀಟರ್ ಆಳವನ್ನು ಸ್ಪಷ್ಟವಾಗಿಡುತ್ತದೆ. ನಾಲ್ಕೂ ಮುಖಗಳು ಅದರೊಳಗೆ ಬರುತ್ತವೆ. ಮಾಂಗಲ್ಯಧಾರಣೆಯ ಹೊತ್ತಿಗೆ ಅನುಭವಿಗಳು 35 ಮಿ.ಮೀ.ಯನ್ನು ಕೈಗೆತ್ತಿಕೊಳ್ಳಲು ಭೌತಶಾಸ್ತ್ರದ ಕಾರಣ ಇದು.

ಹಿನ್ನೆಲೆಯ ಮಸುಕಿಗೂ ಒಂದು ಸರಳ ನಿಯಮವಿದೆ, ಹೆಚ್ಚು ಜನರಿಗೆ ಗೊತ್ತಿಲ್ಲದ್ದು. ಬಹು ದೂರದ ಒಂದು ದೀಪ ಚಿತ್ರದಲ್ಲಿ ಎಷ್ಟು ದೊಡ್ಡ ವೃತ್ತವಾಗಿ ಹರಡುತ್ತದೆ? ವಧು ನಿಂತ ಜಾಗದಲ್ಲಿ ಅಳೆದರೆ ಅದು ಸರಿಯಾಗಿ ಲೆನ್ಸಿನ ಕಿಂಡಿಯಷ್ಟೇ ದೊಡ್ಡದು. 50 ಮಿ.ಮೀ. ಎಫ್/1.8ಕ್ಕೆ 28 ಮಿ.ಮೀ., 85 ಮಿ.ಮೀ. ಎಫ್/1.8ಕ್ಕೆ 47 ಮಿ.ಮೀ., 200 ಮಿ.ಮೀ. ಎಫ್/2.8ಕ್ಕೆ 71 ಮಿ.ಮೀ. ದೀಪ ಹತ್ತಿರವಿದ್ದರೆ ವೃತ್ತ ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ವಧು 2 ಮೀಟರ್, ದೀಪದ ಸರ 8 ಮೀಟರ್ ದೂರದಲ್ಲಿದ್ದರೆ ಮುಕ್ಕಾಲು ಭಾಗ. ಎಫ್/2.8ರ ಜೂಮ್ ಎಫ್/1.8ರ 50 ಮಿ.ಮೀ.ಗಿಂತ ಹೆಚ್ಚು ಹಿನ್ನೆಲೆಯನ್ನು ಕರಗಿಸುವುದು ಹೇಗೆಂಬ ಗೊಂದಲ ಇಲ್ಲಿಗೆ ತೀರುತ್ತದೆ. ಮಸುಕನ್ನು ಅಳೆಯಲು ಎಫ್ ಸಂಖ್ಯೆಯೊಂದೇ ಸಾಲದು, ಕಿಂಡಿಯ ನಿಜವಾದ ಅಗಲವನ್ನು ನೋಡಬೇಕು.

ಹತ್ತಿರ ಹೋದಾಗ ಮುಖಕ್ಕೆ ಏನಾಗುತ್ತದೆ?

ಅಗಲ ನೋಟದ ಲೆನ್ಸ್ ಮುಖವನ್ನು ಕೆಡಿಸುತ್ತದೆ ಎಂಬ ಮಾತಿದೆ. ಆದರೆ ಮುಖದ ಆಕಾರವನ್ನು ಬದಲಿಸುವುದು ನಾವು ನಿಂತ ದೂರ. ಮೂಗಿನ ತುದಿಯಿಂದ ಕಿವಿಗೆ 12 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅರ್ಧ ಮೀಟರ್ ದೂರದಿಂದ ಫೋಟೋ ತೆಗೆದರೆ ಮೂಗು ಕಿವಿಗಿಂತ ಶೇಕಡಾ 24ರಷ್ಟು ಹಿಗ್ಗಿ ಕಾಣುತ್ತದೆ. 2 ಮೀಟರಿನಿಂದ ತೆಗೆದರೆ ಶೇಕಡಾ 6 ಮಾತ್ರ. 24 ಮಿ.ಮೀ. ಲೆನ್ಸ್ ಹಾಕಿದವರು ಮುಖ ದೊಡ್ಡದಾಗಿ ಬರಲೆಂದು ಅರ್ಧ ಮೀಟರಿಗೆ ನುಗ್ಗುತ್ತಾರೆ, 85 ಮಿ.ಮೀ. ಹಾಕಿದವರು ಎರಡು ಮೀಟರ್ ಹಿಂದೆ ಸರಿಯುತ್ತಾರೆ. ಲೆನ್ಸಿಗೆ ಬಂದ ಒಳ್ಳೆಯ ಹೆಸರೂ ಕೆಟ್ಟ ಹೆಸರೂ ಆ ಹೆಜ್ಜೆಗಳಿಗೆ ಸೇರಬೇಕಾದವು.

ದೂರ ಸಂಬಂಧಗಳನ್ನೂ ಬದಲಿಸುತ್ತದೆ. ವಧುವಿನಿಂದ 3 ಮೀಟರ್ ಹಿಂದೆ ಅವಳ ತಾಯಿ ನಿಂತಿದ್ದಾಳೆ. 85 ಮಿ.ಮೀ. ಲೆನ್ಸಿನಲ್ಲಿ ವಧುವನ್ನು 3 ಮೀಟರಿನಿಂದ ತೆಗೆದರೆ ಚಿತ್ರದಲ್ಲಿ ತಾಯಿ ಮಗಳ ಅರ್ಧದಷ್ಟು ದೊಡ್ಡದಾಗಿ ಕಾಣುತ್ತಾಳೆ. 24 ಮಿ.ಮೀ.ಯಲ್ಲಿ ಮಗಳು ಅಷ್ಟೇ ದೊಡ್ಡದಾಗಿ ಬರಬೇಕೆಂದರೆ 85 ಸೆಂಟಿಮೀಟರಿಗೆ ಹೋಗಬೇಕು. ಆಗ ತಾಯಿ ಮಗಳ ಕಾಲು ಭಾಗಕ್ಕಿಂತಲೂ ಚಿಕ್ಕವಳಾಗುತ್ತಾಳೆ. ಮೊದಲ ಚಿತ್ರದಲ್ಲಿ ತಾಯಿಯ ಮುಖಭಾವ ಓದಲು ಸಿಗುತ್ತದೆ, ಎರಡನೆಯದರಲ್ಲಿ ಅವಳು ಜನಸಂದಣಿಯಲ್ಲಿ ಒಬ್ಬಳು. ತಾಯಿ-ಮಗಳ ಕಥೆ ಹೇಳಬೇಕಾದರೆ ಹಿಂದೆ ಸರಿಯಬೇಕು. ಇಡೀ ಛತ್ರದ ಸಂಭ್ರಮವನ್ನು ಹೇಳಬೇಕಾದರೆ ಮುಂದೆ ನುಗ್ಗಿ ಅಗಲವಾಗಿ ನೋಡಬೇಕು.

ಅಗಲ ಲೆನ್ಸಿನ ನಿಜವಾದ ತೊಂದರೆ ಅಂಚಿನಲ್ಲಿದೆ. ನೇರ ಗೆರೆಗಳನ್ನು ನೇರವಾಗಿಯೇ ಉಳಿಸಲು ಲೆನ್ಸ್ ಚೌಕಟ್ಟಿನ ಅಂಚಿನ ವಸ್ತುಗಳನ್ನು ಹೊರಕ್ಕೆ ಎಳೆಯುತ್ತದೆ. ಆ ಎಳೆತವನ್ನು ತ್ರಿಕೋನಮಿತಿಯಿಂದ ಲೆಕ್ಕ ಹಾಕಬಹುದು. 24 ಮಿ.ಮೀ. ಲೆನ್ಸಿನಲ್ಲಿ ಎಡ ಅಥವಾ ಬಲ ತುದಿಯಲ್ಲಿ ನಿಂತವರ ತಲೆ ಶೇಕಡಾ 25ರಷ್ಟು ಅಗಲವಾಗುತ್ತದೆ. 35 ಮಿ.ಮೀ.ಯಲ್ಲಿ ಶೇಕಡಾ 12, 50 ಮಿ.ಮೀ.ಯಲ್ಲಿ ಶೇಕಡಾ 6. ಗ್ರೂಪ್ ಫೋಟೋದಲ್ಲಿ ತುದಿಗೆ ನಿಂತ ಸೋದರಮಾವ ‘ನಾನು ಇಷ್ಟು ದಪ್ಪವೇ?’ ಎಂದು ಕೇಳಿದರೆ ಅವರ ಮಾತಿನಲ್ಲಿ ಗಣಿತದ ನ್ಯಾಯವಿದೆ. ಜಾಗವಿದ್ದರೆ ಗುಂಪಿನ ಚಿತ್ರಕ್ಕೆ 50 ಮಿ.ಮೀ., ಇಲ್ಲದಿದ್ದರೆ 35 ಮಿ.ಮೀ. 24ನ್ನು ಬಳಸಲೇಬೇಕಾದಾಗ ತುದಿಗಳಲ್ಲಿ ಯಾರೂ ನಿಲ್ಲದಂತೆ ಖಾಲಿ ಜಾಗ ಬಿಡುವುದು ಹಿರಿಯರಿಗೆ ನಾವು ತೋರುವ ಮರ್ಯಾದೆ.

ಹೊಳಪು, ಹೊಗೆ, ಸೆಖೆ

ಲೇಪವಿಲ್ಲದ ಗಾಜಿನ ಪ್ರತಿ ಮೇಲ್ಮೈ ಬೆಳಕಿನ ಶೇಕಡಾ 4ರಷ್ಟನ್ನು ಹಿಂದಕ್ಕೆ ಚಿಮ್ಮಿಸುತ್ತದೆ. 1896ರಲ್ಲಿ ತ್ಸೈಸ್ ಕಂಪನಿಯ ಪಾಲ್ ರುಡಾಲ್ಫ್ ರೂಪಿಸಿದ ಪ್ಲಾನರ್ ಲೆನ್ಸ್ ಇಂದಿನ ಬಹುಪಾಲು 50 ಮಿ.ಮೀ. ಲೆನ್ಸುಗಳ ಮೂಲಪುರುಷ. ಅದರಲ್ಲಿ ಗಾಳಿಗೆ ತೆರೆದ 8 ಮೇಲ್ಮೈಗಳಿದ್ದು ಕಾಲು ಭಾಗಕ್ಕಿಂತ ಹೆಚ್ಚು ಬೆಳಕು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಹಾಗೆ ಚಿಮ್ಮಿದ ಬೆಳಕಿನಲ್ಲಿ ಒಂದಷ್ಟು ಸೆನ್ಸರಿನ ಮೇಲೆ ಹರಡಿ ಚಿತ್ರವನ್ನು ಪೇಲವವಾಗಿಸುತ್ತದೆ. 1935ರಲ್ಲಿ ತ್ಸೈಸ್‌ನಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲ ಗಾಜಿಗೆ ಅತಿ ತೆಳು ಲೇಪ ಹಚ್ಚಿ ಪ್ರತಿಫಲನವನ್ನು ತಗ್ಗಿಸುವ ವಿಧಾನಕ್ಕೆ ದಾರಿ ಮಾಡಿದ. ಲೇಪದ ಎರಡು ಬದಿಯಿಂದ ಹಿಂತಿರುಗುವ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಈ ಲೇಪವಿಲ್ಲದಿದ್ದರೆ ಹತ್ತಾರು ಗಾಜುಗಳಿರುವ ಇಂದಿನ ಜೂಮ್ ಲೆನ್ಸುಗಳು ಬಳಕೆಗೆ ಬರುತ್ತಲೇ ಇರಲಿಲ್ಲ. ಮದುವೆಮನೆಯಲ್ಲಿ ವಧೂವರರ ಹಿಂದೆಯೇ ಎಲ್‌ಇಡಿ ಸರಗಳು, ವಿಡಿಯೋದವರ ದೀಪಗಳು ಇರುತ್ತವೆ. ಒಳ್ಳೆಯ ಲೇಪದ ಲೆನ್ಸ್, ಅದರ ಮುಂದೆ ಸದಾ ಹುಡ್, ಬೆರಳಚ್ಚಿಲ್ಲದ ಮುಂಗಾಜು ಇವು ಮೂರು ಅಲ್ಲಿ ಎದ್ದು ಕಾಣುವ ವ್ಯತ್ಯಾಸ ಮಾಡುತ್ತವೆ. ಅಗ್ಗದ ಫಿಲ್ಟರ್ ಗಾಜನ್ನು ಮುಂದೆ ಹಾಕಿದರೆ ಇನ್ನೂ ಎರಡು ಮೇಲ್ಮೈ ಸೇರಿಸಿದಂತೆ.

ಹೋಮಕುಂಡ ಇನ್ನೊಂದು ಪಾಠ ಕಲಿಸುತ್ತದೆ. ಬಿಸಿಗಾಳಿಯ ವಕ್ರೀಭವನ ಸೂಚ್ಯಂಕ ತಣ್ಣನೆಯ ಗಾಳಿಗಿಂತ ಕಡಿಮೆ. ಬೆಂಕಿಯ ಮೇಲೆ ಅಲುಗುವ ಗಾಳಿಯ ಮೂಲಕ 200 ಮಿ.ಮೀ. ಲೆನ್ಸಿನಲ್ಲಿ ನೋಡಿದರೆ ಆಚೆಯ ಮುಖ ನಡುಗಿ ಮೆತ್ತಗಾಗುತ್ತದೆ, ಎಷ್ಟು ದುಬಾರಿ ಲೆನ್ಸಾದರೂ ಅಷ್ಟೇ. ಕುಂಡದ ಪಕ್ಕಕ್ಕೆ ಸರಿದು, ಜ್ವಾಲೆ ನಡುವೆ ಬರದಂತೆ ನಿಂತರೆ ಲಾಜಾಹೋಮದ ಚಿತ್ರ ಚುರುಕಾಗಿ ಬರುತ್ತದೆ. ಹೊಗೆಯೂ ಹಾಗೆಯೇ. ದೂರ ನಿಂತಷ್ಟೂ ನಡುವೆ ಹೆಚ್ಚು ಹೊಗೆ.

ಕರಾವಳಿಯಲ್ಲಿ ಇನ್ನೊಂದು ಎಚ್ಚರ ಬೇಕು. ಎಸಿ ಹಾಕಿದ ಕೋಣೆಯಲ್ಲಿ ವಧುವಿನ ಅಲಂಕಾರದ ಚಿತ್ರ ಮುಗಿಸಿ ಮಂಗಳೂರಿನ ಮೇ ತಿಂಗಳ ಸೆಖೆಗೆ ಕಾಲಿಟ್ಟರೆ ಲೆನ್ಸ್ ಮಂಜಾಗುತ್ತದೆ. ಗಾಳಿ 32 ಡಿಗ್ರಿ, ತೇವಾಂಶ ಶೇಕಡಾ 75 ಇದ್ದಾಗ ಇಬ್ಬನಿ ಬಿಂದು 27 ಡಿಗ್ರಿಯ ಸುತ್ತ ಇರುತ್ತದೆ. ಅದಕ್ಕಿಂತ ತಣ್ಣಗಿರುವ ಗಾಜಿನ ಮೇಲೆ ನೀರು ಕೂರುವುದು ಖಂಡಿತ. ಒರೆಸಿದರೆ ಮತ್ತೆ ಕೂರುತ್ತದೆ. ಮುಹೂರ್ತಕ್ಕೆ ಬೇಕಾದ ಲೆನ್ಸನ್ನು ಎಸಿ ಕೋಣೆಗೆ ಒಯ್ಯದೆ ಹೊರಗೇ ಇಡುವುದು ಸರಿಯಾದ ಮದ್ದು.

ಅರಿಶಿನ, ಕುಂಕುಮ, ಹೋಮದ ಬೂದಿ ಇವೆಲ್ಲ ಹಾರುವ ಜಾಗದಲ್ಲಿ ಲೆನ್ಸ್ ಬಿಚ್ಚುವುದೆಂದರೆ ಸೆನ್ಸರನ್ನು ಧೂಳಿಗೆ ಒಡ್ಡಿದಂತೆ. ಮದುವೆಗೆ ಎರಡು ಕ್ಯಾಮೆರಾ ಬಾಡಿ, ಎರಡು ಲೆನ್ಸ್ ಎಂಬ ರೂಢಿ ಬೆಳೆದದ್ದು ಸಮಯ ಉಳಿಸಲು ಮಾತ್ರವಲ್ಲ, ಈ ಧೂಳಿನಿಂದ ಪಾರಾಗಲು ಕೂಡ. ಒಂದು ಬಾಡಿ ಕೆಟ್ಟರೆ ಇನ್ನೊಂದು ಕೈಯಲ್ಲಿರುತ್ತದೆ.

ಪ್ರೈಮೋ, ಜೂಮೋ?

35 ಮಿ.ಮೀ. ಫಿಲ್ಮಿನ ಸ್ಥಿರಚಿತ್ರ ಕ್ಯಾಮೆರಾಗಳಿಗೆ ಜೂಮ್ ಲೆನ್ಸ್ ಬಂದದ್ದು 1959ರಲ್ಲಿ, ಫೋಯ್ಗ್ಟ್‌ಲೆಂಡರ್ ಹೆಸರಿನ 36–82 ಮಿ.ಮೀ. ಎಫ್/2.8 ಜೂಮಾರ್. ಪೆಟ್ಸ್‌ವಾಲ್‌ನ ಮುಖಚಿತ್ರದ ಲೆನ್ಸನ್ನು ಜಗತ್ತಿಗೆ ಕೊಟ್ಟ ಹೆಸರೇ ಇದನ್ನೂ ಕೊಟ್ಟಿತು. ಇಂದು 24–70 ಮತ್ತು 70–200 ಮಿ.ಮೀ. ಎಫ್/2.8 ಜೂಮ್‌ಗಳು ಮದುವೆ ಫೋಟೋಗ್ರಾಫರುಗಳ ಬಲಗೈ ಎಡಗೈ. ಜನಸಂದಣಿಯಲ್ಲಿ ಅಲುಗಾಡಲಾಗದೆ ನಿಂತಾಗ ಜೂಮ್‌ನ ಬಲ ಗೊತ್ತಾಗುತ್ತದೆ. ಅಂತರಪಟ ಸರಿದು ವಧೂವರರು ಜೀರಿಗೆ-ಬೆಲ್ಲ ಹಾಕಿಕೊಳ್ಳುವ ಆ ಕ್ಷಣದಲ್ಲಿ ಇಬ್ಬರೂ ಒಟ್ಟಿಗೆ ಬೇಕು, ಮರುಕ್ಷಣ ಅವಳ ನಗು ಮಾತ್ರ ಬೇಕು. ಕಾಲು ಕದಲದಿದ್ದರೂ ಬೆರಳು ಕದಲಿದರೆ ಸಾಕು.

ಪ್ರೈಮ್ ಲೆನ್ಸ್ ಅಂದರೆ ಒಂದೇ ಫೋಕಲ್ ಲೆಂತ್. ಗಾಜು ಕಡಿಮೆ, ತೂಕ ಕಡಿಮೆ, ಕಿಂಡಿ ದೊಡ್ಡದು. ಕ್ಯಾನನ್‌ನ ಮಿರರ್‌ಲೆಸ್ ಕ್ಯಾಮೆರಾಗಳ 50 ಮಿ.ಮೀ. ಎಫ್/1.8 ಲೆನ್ಸ್ 160 ಗ್ರಾಂ ತೂಗುತ್ತದೆ. 70–200 ಎಫ್/2.8 ಲೆನ್ಸುಗಳು ಸಾಮಾನ್ಯವಾಗಿ 1 ಕಿಲೋ ದಾಟುತ್ತವೆ. ಬೆಳಿಗ್ಗೆ ಐದಕ್ಕೆ ಶುರುವಾಗಿ ರಾತ್ರಿ ಆರತಕ್ಷತೆಯವರೆಗೆ ಎಳೆಯುವ ದಿನದಲ್ಲಿ ಆ ತೂಕವನ್ನು ಕುತ್ತಿಗೆ, ಬೆನ್ನು ಎರಡೂ ಲೆಕ್ಕವಿಡುತ್ತವೆ.

ನನ್ನ ತೀರ್ಮಾನ ಹೀಗಿದೆ. ಹತ್ತಿರ ನಿಲ್ಲಲು ಬಿಡುವ, ಬೆಳಕು ಕಡಿಮೆಯಿರುವ ಮನೆಮದುವೆಗೆ ಎರಡು ಬಾಡಿಗಳಲ್ಲಿ 35 ಮತ್ತು 85 ಮಿ.ಮೀ. ಪ್ರೈಮ್‌ಗಳು. ದೊಡ್ಡ ಛತ್ರಕ್ಕೆ, ಬೆಳಕು ಚೆನ್ನಾಗಿರುವ ವೇದಿಕೆಗೆ, 24–70 ಮತ್ತು 70–200 ಎಫ್/2.8 ಜೂಮ್‌ಗಳು. ಕ್ರಾಪ್ ಸೆನ್ಸರಿನಲ್ಲಿ 35ರ ಜಾಗಕ್ಕೆ 23 ಅಥವಾ 24, 85ರ ಜಾಗಕ್ಕೆ 50 ಅಥವಾ 56. ಮೆಹಂದಿ, ತಾಳಿ, ಕಾಲುಂಗುರಗಳ ಹತ್ತಿರದ ಚಿತ್ರಕ್ಕೆ ಮ್ಯಾಕ್ರೋ ಲೆನ್ಸ್ ಇದ್ದರೆ ಚಂದ, ಇಲ್ಲದಿದ್ದರೂ ಮದುವೆ ನಿಲ್ಲುವುದಿಲ್ಲ. ಕಿಟ್ ಲೆನ್ಸ್ ಮಾತ್ರ ಇರುವವರು ಮೊದಲು ಕೊಳ್ಳಬೇಕಾದ್ದು 50 ಮಿ.ಮೀ. ಎಫ್/1.8. ಅಷ್ಟು ಕಡಿಮೆ ಹಣಕ್ಕೆ 10 ಪಟ್ಟು ಬೆಳಕನ್ನು ಬೇರೆ ಯಾವ ಸಲಕರಣೆಯೂ ಕೊಡುವುದಿಲ್ಲ. ಉಳಿದವನ್ನು ಬಾಡಿಗೆಗೆ ತಂದು, ಬಳಸಿ, ಒಗ್ಗಿದರೆ ಕೊಳ್ಳಿ.

ಲೆನ್ಸ್ ಆಯ್ಕೆಯಲ್ಲಿ ಇನ್ನೊಬ್ಬರ ಪಾಲೂ ಇದೆ. ಊರಿಂದೂರಿಗೆ ಬಸ್ಸು ಹತ್ತಿ ಬಂದ ಅಜ್ಜಿ ಮೊಮ್ಮಗಳ ಮಾಂಗಲ್ಯಧಾರಣೆಯನ್ನು ಕಣ್ಣಾರೆ ಕಾಣಬೇಕೆಂದು ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಅವಳ ಕಣ್ಣಿಗೂ ಮಂಟಪಕ್ಕೂ ನಡುವೆ ಅಗಲ ಲೆನ್ಸ್ ಹಿಡಿದ ನಾಲ್ಕು ಬೆನ್ನುಗಳು ಅಡ್ಡ ನಿಲ್ಲುವುದು ನಮ್ಮ ಛತ್ರಗಳಲ್ಲಿ ಮಾಮೂಲಾಗಿಬಿಟ್ಟಿದೆ. ಇದು ತಪ್ಪು. ಮಂಟಪದ ಪಕ್ಕದ ಮೂಲೆಯಲ್ಲಿ ಮಂಡಿಯೂರಿ ಕೂತು 35 ಮಿ.ಮೀ.ಯಲ್ಲಿ ತೆಗೆಯಬಹುದು, ಸಾಲಿನ ಹೊರಗೆ ನಿಂತು 135 ಅಥವಾ 200 ಮಿ.ಮೀ.ಯಲ್ಲಿ ತೆಗೆಯಬಹುದು. ಎರಡರಲ್ಲೂ ಅಜ್ಜಿಗೆ ಮದುವೆ ಕಾಣುತ್ತದೆ.

ಆದ್ದರಿಂದ ಮದುವೆಗೆ ಒಪ್ಪಿಕೊಂಡ ಮೇಲೆ ಮೊದಲು ಛತ್ರಕ್ಕೆ ಹೋಗಿ. ವರಪೂಜೆಯ ಸಂಜೆಯಾದರೂ ಸರಿ, ಮಂಟಪದ ದೀಪಗಳನ್ನು ಹಾಕಿಸಿ, ವಧು ಕೂರುವ ಮಣೆಯಿಂದ ನೀವು ನಿಲ್ಲುವ ಜಾಗಕ್ಕೆ ಹೆಜ್ಜೆ ಎಣಿಸಿ. ಯಾರನ್ನಾದರೂ ಅಲ್ಲಿ ಕೂರಿಸಿ 1/250 ಸೆಕೆಂಡಿಗೆ ಐಎಸ್‌ಒ ಎಷ್ಟು ಬೇಕಾಗುತ್ತದೆ ನೋಡಿ. ಆ ಎರಡು ಸಂಖ್ಯೆಗಳನ್ನು ಬರೆದುಕೊಂಡು, ಲೆಕ್ಕ ಹಾಕಿ, ಆಮೇಲೆ ಲೆನ್ಸಿನ ಅಂಗಡಿಗೆ ಹೋಗಿ.